ನಿತ್ಯಕಲ್ಯಾಣಿಯ ಅಪಕೀರ್ತಿ

ಕಾಸರಗೋಡಿನ ಬದಿಯಡ್ಕದ ಅಂಗಳದಲ್ಲಿ ಈ ಹೂಗಿಡದ ಹೆಸರು ನಿತ್ಯಪುಷ್ಪ. ದೇವರಿಗೆ ಬೇರೆ ಹೂ ಸಿಗದ ದಿನ ಮನೆಯ ಮಾನ ಕಾಯುವುದು ಅದೇ. ಅದರದೊಂದು ಚಟ್ಟಿಯನ್ನು ಚಂದ್ರಗಿರಿ ಹೊಳೆ ದಾಟಿಸಿ, ಮಲಯಾಳದ ಕಡೆಯವರಿಗೆ ಮನೆ ಒಕ್ಕಲಿನ ಉಡುಗೊರೆಯೆಂದು ಕೊಟ್ಟು ನೋಡಿ; ಆ ಮನೆಯ ಅಮ್ಮಮ್ಮ ಎರಡು ಹೆಜ್ಜೆ ಹಿಂದೆ ಸರಿದಾರು. ಮಲಯಾಳದಲ್ಲಿ ಅದು ಶವಂನಾರಿ, ಅಂದರೆ ಹೆಣ ನಾರುವುದು. ತಮಿಳರಿಗೆ ಸುಡುಗಾಡು ಮಲ್ಲಿ. ಇದೇ ಎರಡು ಭಾಷೆಗಳಲ್ಲಿ ಅದಕ್ಕೆ ನಿತ್ಯಕಲ್ಯಾಣಿ ಎಂಬ ಹೆಸರೂ ಇದೆ! ತೊಟ್ಟಿಲಲ್ಲಿ ಇಟ್ಟ ಹೆಸರೊಂದು, ಊರು ಕರೆಯುವುದು ಇನ್ನೊಂದು.

ಗಿಡದ ತಪ್ಪೇನಿಲ್ಲ. ಮಡಗಾಸ್ಕರ್‌ನಿಂದ ಬಂದದ್ದು. ಎಲೆ ಕಹಿ, ಮುರಿದರೆ ಹಾಲು; ಆಡು, ದನ ಮೂಸಿ ಮುಂದೆ ಹೋಗುತ್ತವೆ. ಬೀಜ ತಾನೇ ಉದುರಿ ಬರೀ ಹೊಯಿಗೆಯಲ್ಲೂ, ಅಂದರೆ ಮರಳಲ್ಲೂ, ಏಳುತ್ತದೆ. ನೀರು ಹೊಯ್ಯುವವರೂ ಕಳೆ ಕೀಳುವವರೂ ಇಲ್ಲದ ಸ್ಮಶಾನದಲ್ಲಿ ಉಳಿದವುಗಳು ಸತ್ತವು, ಇದು ಸಂಸಾರ ಹೂಡಿತು. ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟೀನ್ ಸಿಕ್ಕಿದ್ದೂ ಇದರಿಂದಲೇ. ಹಾಗಂತ ಎಲೆ ಜಗಿಯಬೇಡಿ, ವಿಷ.

ನೆಡುವುದಾದರೆ 4 ಅಂಗುಲದ ಕಡ್ಡಿ ಸಾಕು. ಕೆಳಗಿನ ಎಲೆ ತೆಗೆದು, ಅರ್ಧ ಮಣ್ಣು ಅರ್ಧ ಹೊಯಿಗೆಗೆ ಊರಿ. ಚಟ್ಟಿಯ ತೂತು ಕಟ್ಟಿರಬಾರದು. ಜುಲೈ ನಡುವೆ ಶುರುವಾಗುವ ಆಟಿ ತಿಂಗಳ ಮಳೆಗೆ ಹೊರಗಿಟ್ಟರೆ ಬುಡ ಕೊಳೆತು ಕಪ್ಪಾಗಿ ಗಿಡ ಜೋಲುತ್ತದೆ. ಬಾಡಿತೆಂದು ಇನ್ನೊಂದು ಚೆಂಬು ನೀರು ಹೊಯ್ದವರೇ ಅದರ ಯಮ. ಆಗ ನೆಂಟರು ಬಂದು, "ಸಾವಿನ ಗಿಡ ಅಂತ ಹೇಳಿರಲಿಲ್ಲವಾ?" ಅನ್ನುತ್ತಾರೆ. ನರ್ಸರಿಯವರು ಜಾಣರು, 'ವಿಂಕಾ' ಅಂತ ಚೀಟಿ ಅಂಟಿಸಿ ಮಾರುತ್ತಾರೆ. ವಿಂಕಾಕ್ಕೆ ಯಾವ ಅಮ್ಮಮ್ಮನ ತಕರಾರೂ ಇಲ್ಲ.

ಪಾಲೆ ಮರವೂ ಇದೇ ಕುಟುಂಬ, ಇದೇ ಹಣೆಬರಹ. ಆಟಿ ಅಮಾವಾಸ್ಯೆಗೆ ತುಳುವರು ಅದರ ಕೆತ್ತೆಯ (ತೊಗಟೆಯ) ಕಷಾಯ ಕುಡಿದು ಮುಖ ಹಿಂಡುತ್ತಾರೆ. ಮಲಯಾಳದ ಕತೆಗಳಲ್ಲಿ ಅದೇ ಮರ ಹೂಬಿಟ್ಟ ರಾತ್ರಿ ರಕ್ತ ಹೀರುವ ಯಕ್ಷಿ ಇಳಿದುಬಂದು ದಾರಿಹೋಕರ ಹತ್ತಿರ ಸುಣ್ಣ ಕೇಳುತ್ತಾಳೆ.

ಉಡುಗೊರೆಗೆ ಗಿಡದ ಗೊಡವೆಯೇ ಬೇಡವೆಂದು ಬೊಕೆಗೆ ಹೋದಿರೋ, ಆಕಾರ ನೋಡಿಕೊಳ್ಳಿ. ನಮ್ಮ ಕಡೆ ಹೂವನ್ನು ಬಳೆಯಂತೆ ದುಂಡಗೆ ಕಟ್ಟಿದರೆ ಅದು ರೀತ್, ಹೆಣದ ಮೇಲಿಡುವುದು. ಫೋನಿನಲ್ಲಿ "ದೊಡ್ಡದು, ರೌಂಡಾಗಿ, ಬಿಳಿ ಹೂವೇ ಇರಲಿ" ಅಂದಾಗ ಅಂಗಡಿಯವನು ದನಿ ತಗ್ಗಿಸಿ, "ರಿಬ್ಬನ್ ಮೇಲೆ ಯಾರ ಹೆಸರು ಬರೆಯಲಿ?" ಎಂದು ಕೇಳಿದರೆ, ಮದುವೆ ಮನೆಗೆ ಎಂದು ತಕ್ಷಣ ಹೇಳಿಬಿಡಿ.