ಪುಣೆಯ ಚಳಿಗೆ ಯಾವ ಟೈರ್, ಮನಾಲಿಯ ಹಿಮಕ್ಕೆ ಯಾವುದು?

ನಮ್ಮ ಸೊಸೈಟಿಯ ಕನ್ನಡಿಗರ ವಾಟ್ಸ್‌ಆ್ಯಪ್ ಬಳಗದಲ್ಲಿ ಕಳೆದ ವಾರ ಒಬ್ಬ ಯುವ ಮಿತ್ರರು ಒಂದು ಪ್ರಶ್ನೆ ಕೇಳಿದರು. ಜನವರಿಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕರೆದುಕೊಂಡು ಪುಣೆಯ ವಾಕಡ್‌ನಿಂದ ಸ್ವಂತ ಕಾರಿನಲ್ಲೇ ಮನಾಲಿಗೆ ಹೋಗಿ, ಅಟಲ್ ಸುರಂಗ ದಾಟಿ, ಸಿಸ್ಸುವಿನ ಹಿಮ ನೋಡಿ ಬರಬೇಕೆಂಬುದು ಅವರ ಆಸೆ. ಹೇಗೂ ಟೈರ್‌ಗಳು ಸವೆದಿವೆ, ಬದಲಾಯಿಸಲೇಬೇಕು, ಚಳಿಗಾಲದ ಟೈರನ್ನೇ ಹಾಕಿಸಿಬಿಡಲೇ ಎಂದು ಕೇಳಿದ್ದರು. ಗಂಟೆಯೊಳಗೆ ಹತ್ತಾರು ಉತ್ತರಗಳು ಬಂದವು. ಕಚ್ಚಾ ದಾರಿಗೂ ಒಗ್ಗುವ, ದಪ್ಪ ಹಲ್ಲಿನ ಆಲ್ ಟೆರೇನ್ ಟೈರ್ ಹಾಕಿಸಿ ಎಂದರು ಒಬ್ಬರು. ನೈಟ್ರೋಜನ್ ತುಂಬಿಸಿದರೆ ಯಾವ ಚಿಂತೆಯೂ ಇಲ್ಲ ಎಂದರು ಇನ್ನೊಬ್ಬರು. ಹಿಮದಲ್ಲಿ ಹವಾ ಅರ್ಧಕ್ಕೆ ಇಳಿಸಿಬಿಡಿ ಎಂದು ಮತ್ತೊಬ್ಬರು ಬರೆದರು. ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಹತ್ತುವವರಿಗೆ ಈ ಸಲಹೆಗಳು ಸಾಲವು. ಅದಕ್ಕಾಗಿ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನಾನು ಧಾರವಾಡದವನು. ಹತ್ತೊಂಬತ್ತು ವರ್ಷಗಳಿಂದ ಪುಣೆಯಲ್ಲಿದ್ದೇನೆ, ಕೆಲಸ ವಾಹನಗಳ ಬಿಡಿಭಾಗಗಳಿಗೆ ಸಂಬಂಧಿಸಿದ್ದು. ನಡುವೆ ಎರಡು ಚಳಿಗಾಲಗಳನ್ನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕಳೆದೆ. ಚಳಿಗಾಲದ ಟೈರ್ ಎಂಬುದು ಅಲಂಕಾರದ ವಸ್ತುವಲ್ಲ ಎಂಬುದು ನನಗೆ ಮನವರಿಕೆಯಾದದ್ದು ಅಲ್ಲಿ. ಅಲ್ಲಿಯವರ ಬಾಯಲ್ಲಿ 'ಓ ದಿಂದ ಓ ವರೆಗೆ' ಎಂಬ ಮಾತೊಂದಿದೆ. ಓಕ್ಟೋಬರಿನಿಂದ ಓಸ್ಟರ್‌ನ್, ಅಂದರೆ ಈಸ್ಟರ್ ಹಬ್ಬದವರೆಗೆ ಚಳಿಗಾಲದ ಟೈರ್, ಉಳಿದ ತಿಂಗಳುಗಳಲ್ಲಿ ಬೇಸಿಗೆಯದು. ನಮ್ಮಲ್ಲಿ ಉಣ್ಣೆಯ ಹೊದಿಕೆಗಳನ್ನು ಟ್ರಂಕಿಗೆ ಹಾಕಿ ಮತ್ತೆ ತೆಗೆಯುವಂತೆ, ಅಲ್ಲಿಯವರು ನಾಲ್ಕು ಗಾಲಿಗಳನ್ನು ವರ್ಷಕ್ಕೆ ಎರಡು ಸಲ ಅದಲುಬದಲು ಮಾಡುತ್ತಾರೆ. ಹಿಮ, ಮಂಜುಗಡ್ಡೆ ಇರುವ ರಸ್ತೆಯಲ್ಲಿ ಬೇಸಿಗೆಯ ಟೈರಿನಲ್ಲಿ ಹೋದರೆ ದಂಡವೂ ಇದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಂತೂ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ಹಿಮ ಬೀಳಲಿ ಬಿಡಲಿ, ಚಳಿಗಾಲದ ಟೈರ್ ಕಡ್ಡಾಯ.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ವ್ಯತ್ಯಾಸ ಇರುವುದು ಮೊದಲು ರಬ್ಬರಿನಲ್ಲಿ, ಆಮೇಲೆ ಅದರ ಮೇಲಿನ ಗೆರೆಗಳಲ್ಲಿ. ಸಾಮಾನ್ಯ ಟೈರಿನ ರಬ್ಬರ್ ಮಿಶ್ರಣವು ಬಿಸಿಲಿನಲ್ಲಿ ಕರಗಿದಂತಾಗದೆ ಗಟ್ಟಿಯಾಗಿ ನಿಲ್ಲುವಂತೆ ತಯಾರಾದದ್ದು. ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಅದು ಬಿಗಿಯಾಗುತ್ತಾ ಹೋಗಿ, ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿ ಹಿಡಿಯುವ ಗುಣವನ್ನು ಕಳೆದುಕೊಳ್ಳತೊಡಗುತ್ತದೆ. ಚಳಿಗಾಲದ ಟೈರಿನ ಮಿಶ್ರಣ ಕೊರೆಯುವ ಚಳಿಯಲ್ಲೂ ಮೆತ್ತಗಿರುತ್ತದೆ. ಅದರ ಮೇಲ್ಮೈಯ ಪ್ರತಿ ಹಲ್ಲಿನಲ್ಲೂ ಬ್ಲೇಡಿನಿಂದ ಸೀಳಿದಂತಹ ಹಲವು ತೆಳುವಾದ ಗೀರುಗಳಿರುತ್ತವೆ, ಅವಕ್ಕೆ ಸೈಪ್ ಎನ್ನುತ್ತಾರೆ. ಗಾಲಿ ಉರುಳುವಾಗ ಈ ಗೀರುಗಳು ಬಾಯಿ ತೆರೆದು ಹಿಮವನ್ನು ಕಚ್ಚುತ್ತವೆ. ಅಗಲವಾದ ಗೆರೆಗಳಲ್ಲಿ ಹಿಮ ತುಂಬಿಕೊಳ್ಳುವುದೂ ಒಳ್ಳೆಯದೇ, ಏಕೆಂದರೆ ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ. ಮಕ್ಕಳು ಉಂಡೆ ಕಟ್ಟಿ ಆಡಲು ಸಾಧ್ಯವಾಗುವುದು ಆ ಗುಣದಿಂದಲೇ.

ಟೈರಿನ ಪಕ್ಕದ ಗೋಡೆಯ ಮೇಲೆ ಇರುವ ಗುರುತುಗಳ ವಿಷಯದಲ್ಲಿ ನಮ್ಮವರು ಮೋಸಹೋಗುವುದು ಹೆಚ್ಚು. ಎಂ ಪ್ಲಸ್ ಎಸ್ ಎಂಬ ಗುರುತು ಕೆಸರು ಮತ್ತು ಹಿಮ ಎಂಬ ಅರ್ಥದ್ದಾದರೂ, ಅದು ಗೆರೆಗಳ ವಿನ್ಯಾಸವನ್ನು ನೋಡಿ ತಯಾರಕರೇ ಹಾಕಿಕೊಳ್ಳುವ ಗುರುತು, ಹಿಮದ ಮೇಲೆ ಓಡಿಸಿ ಪರೀಕ್ಷಿಸಿದ್ದರ ಸಾಕ್ಷಿಯಲ್ಲ. ಮೂರು ಶಿಖರಗಳ ಬೆಟ್ಟದೊಳಗೆ ಒಂದು ಹಿಮದ ಹರಳು ಇರುವ ಚಿತ್ರವೇ ಪರೀಕ್ಷೆಯಲ್ಲಿ ಉತ್ತೀರ್ಣವಾದ ಟೈರಿನ ಗುರುತು. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬರಿಯ ಎಂ ಪ್ಲಸ್ ಎಸ್ ಇರುವ ಟೈರನ್ನು ಚಳಿಗಾಲದ ಟೈರ್ ಎಂದು ಪರಿಗಣಿಸುವುದಿಲ್ಲ. ನಮ್ಮ ಬಳಗದಲ್ಲಿ ಸೂಚಿಸಿದ ಆಲ್ ಟೆರೇನ್ ಟೈರ್‌ಗಳಲ್ಲಿ ಹಲವಕ್ಕೆ ಈ ಬೆಟ್ಟದ ಗುರುತು ಇರುವುದಿಲ್ಲ. ಅವುಗಳ ದಪ್ಪ ಹಲ್ಲುಗಳು ಕಲ್ಲುಮಣ್ಣಿನ ದಾರಿಗೆ ಒಪ್ಪುತ್ತವೆ, ಆಳವಾದ ಹಸಿ ಹಿಮದಲ್ಲಿ ಸ್ವಲ್ಪ ಮಟ್ಟಿಗೆ ಮುಂದಕ್ಕೆ ಎಳೆಯುತ್ತವೆ, ಆದರೆ ಗಟ್ಟಿಯಾದ ಮಂಜುಗಡ್ಡೆಯ ಮೇಲೆ ಗಟ್ಟಿ ರಬ್ಬರಿನ ದೊಡ್ಡ ಹಲ್ಲು ಜಾರುತ್ತದೆ. ನೋಡಲು ಬಲಿಷ್ಠವಾಗಿ ಕಾಣುವ ಟೈರ್ ಬ್ರೇಕ್ ಒತ್ತಿದಾಗಲೂ ಬಲಿಷ್ಠವಾಗಿರಬೇಕೆಂದೇನೂ ಇಲ್ಲ.

ಹಾಗಾದರೆ ಪುಣೆಯಲ್ಲಿ ಚಳಿಗಾಲದ ಟೈರ್ ಹಾಕಿಸಬೇಕೇ? ಖಂಡಿತ ಬೇಡ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಡಿಸೆಂಬರಿನ ಬೆಳಗಿನ ಜಾವ ಹತ್ತು ಡಿಗ್ರಿಯ ಆಸುಪಾಸು ಇರುತ್ತದೆ, ಕೆಲವು ದಿನ ಅದಕ್ಕೂ ಕೆಳಗೆ ಹೋಗುತ್ತದೆ, ಮಹಾಬಳೇಶ್ವರದ ವೆಣ್ಣಾ ಸರೋವರದ ಬಳಿ ಒಮ್ಮೊಮ್ಮೆ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಆದರೆ ಹತ್ತು ಗಂಟೆಗೆ ಬಿಸಿಲೇರಿ ಮಧ್ಯಾಹ್ನ ಮೂವತ್ತು ಮುಟ್ಟಿದರೆ ಆ ಮೆತ್ತನೆಯ ರಬ್ಬರ್ ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟಿನ ಮೇಲೆ ಹೊರಳಾಡತೊಡಗುತ್ತದೆ. ಬೇಗ ಸವೆಯುತ್ತದೆ, ತಿರುವಿನಲ್ಲಿ ಸ್ಟಿಯರಿಂಗ್ ಸಡಿಲವಾದಂತೆ ಅನಿಸುತ್ತದೆ, ಒಣ ಬಿಸಿ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಸಾಮಾನ್ಯ ಟೈರಿಗಿಂತ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಮೇ ತಿಂಗಳ ನಲವತ್ತು ಡಿಗ್ರಿಯಲ್ಲಿ ಅದರ ಗತಿ ಏನೆಂದು ಹೇಳಬೇಕಾಗಿಲ್ಲ. ಹತ್ತು ದಿನದ ಹಿಮಕ್ಕಾಗಿ ಉಳಿದ ಮುನ್ನೂರ ಐವತ್ತೈದು ದಿನಗಳ ಸುರಕ್ಷತೆಯನ್ನು ಬಿಟ್ಟುಕೊಡುವುದು ಸರಿಯಲ್ಲ.

ನಮ್ಮ ಚಳಿಗಾಲವು ಟೈರಿನಿಂದ ಕೇಳುವುದು ಬೇರೆ ಸಂಗತಿಗಳನ್ನು. ಅವುಗಳಲ್ಲಿ ಮೊದಲನೆಯದು ಹವಾ. ಮಧ್ಯಾಹ್ನ ಮೂವತ್ತು ಡಿಗ್ರಿಯಲ್ಲಿ 33 ಪಿಎಸ್‌ಐ (ಹವಾದ ಒತ್ತಡದ ಅಳತೆ) ತುಂಬಿಸಿದ ಟೈರ್, ಮರುದಿನ ಬೆಳಗಿನ ಜಾವದ ಎಂಟು ಡಿಗ್ರಿಯಲ್ಲಿ ಯಾವ ಪಂಕ್ಚರೂ ಇಲ್ಲದೆ 30ಕ್ಕಿಂತ ಕೆಳಗಿಳಿದಿರುತ್ತದೆ. ಗಾಳಿ ತಣಿದರೆ ಕುಗ್ಗುತ್ತದೆ, ಅಷ್ಟೇ ವಿಷಯ. ಅದರ ಮೇಲೆ, ಪೆಟ್ರೋಲ್ ಬಂಕಿನಲ್ಲಿ ಹವಾ ತುಂಬಿಸುವುದು ಹತ್ತಿಪ್ಪತ್ತು ಕಿಲೋಮೀಟರ್ ಓಡಿ ಟೈರ್ ಬಿಸಿಯಾದ ಮೇಲೆ. ಆಗ ಮೀಟರ್ ತೋರಿಸುವ 33 ನಿಜವಾದ 33 ಅಲ್ಲ. ಹೀಗೆ ಎರಡೂ ಕಡೆಯಿಂದ ಕಡಿಮೆಯಾದ ಹವಾದಲ್ಲಿ, ನಾಲ್ಕು ಜನ ಮತ್ತು ಊರಿಗೆ ಒಯ್ಯುವ ಸಾಮಾನು ತುಂಬಿಕೊಂಡು, ನಸುಕಿನ ನಾಲ್ಕಕ್ಕೆ ಹುಬ್ಬಳ್ಳಿಯ ದಾರಿ ಹಿಡಿಯುವವರು ನಮ್ಮಲ್ಲಿ ಎಷ್ಟಿಲ್ಲ! ಟೈರಿನ ಪಕ್ಕದ ಗೋಡೆ ಒಳಗೊಳಗೇ ಮಡಚಿ ಬಿಚ್ಚಿ ಬಿಸಿಯಾಗುತ್ತಾ ಹೋಗುತ್ತದೆ. ವೇಗದಲ್ಲಿ ಟೈರ್ ಸಿಡಿಯುವುದಕ್ಕೆ ಅದು ಒಂದು ಮುಖ್ಯ ಕಾರಣ. ಆದ್ದರಿಂದ ಮನೆಯಲ್ಲೇ ಒಂದು ಸಣ್ಣ ಮೀಟರ್ ಮತ್ತು ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಪಂಪ್ ಇಟ್ಟುಕೊಂಡು, ಬೆಳಿಗ್ಗೆ ಕಾರು ತೆಗೆಯುವ ಮೊದಲೇ ನೋಡಬೇಕು. ಎಷ್ಟು ಹವಾ ಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಬರೆದಿರುತ್ತದೆ, ಪೂರ್ಣ ಭಾರಕ್ಕೆ ಬೇರೆ ಅಂಕಿ ಇದ್ದರೆ ಅದನ್ನೇ ಪಾಲಿಸಬೇಕು. ನೈಟ್ರೋಜನ್ ಬಗ್ಗೆ ಹೇಳುವುದಾದರೆ, ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ತಣಿದಾಗ ಅದೂ ಗಾಳಿಯಷ್ಟೇ ಕುಗ್ಗುತ್ತದೆ.

ಎರಡನೆಯದು ಹಸಿ ರಸ್ತೆಯಲ್ಲಿನ ಹಿಡಿತ. ಚಳಿಗಾಲದಲ್ಲಿ ಮಳೆಯೇ ಇಲ್ಲವಲ್ಲ ಎನ್ನಬಹುದು. ಸಾತಾರಾದಿಂದ ಕೊಲ್ಲಾಪುರ, ನಿಪ್ಪಾಣಿಯವರೆಗೆ ಡಿಸೆಂಬರ್ ಎಂದರೆ ಕಬ್ಬು ಅರೆಯುವ ಕಾಲ. ಟ್ರಾಲಿಗಳಿಂದ ಉದುರಿದ ಕಬ್ಬು ಗಾಲಿಗಳ ಕೆಳಗೆ ಅರೆದು, ಗದ್ದೆಯಿಂದ ಬಂದ ಮಣ್ಣಿನೊಡನೆ ಸೇರಿ, ಇಬ್ಬನಿಯಲ್ಲಿ ನೆನೆದು ರಸ್ತೆಯ ಮೇಲೆ ಎಣ್ಣೆ ಸವರಿದಂತಹ ಪದರವಾಗುತ್ತದೆ. ಅದರ ಜೊತೆಗೆ ಹಿಂದಿನ ದೀಪವಿಲ್ಲದ ಟ್ರಾಲಿ ಮಂಜಿನೊಳಗಿಂದ ತಟ್ಟನೆ ಎದುರಾದರೆ, ಆ ಕ್ಷಣದಲ್ಲಿ ನಮ್ಮನ್ನು ಕಾಯುವುದು ಟೈರಿನಲ್ಲಿ ಉಳಿದಿರುವ ಮಿಲಿಮೀಟರುಗಳು. ನಮ್ಮ ನಿಯಮದ ಪ್ರಕಾರ ಕಾರಿನ ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು, ಹೊಸ ಟೈರಿನಲ್ಲಿ ಅದು ಸುಮಾರು 8 ಮಿಲಿಮೀಟರ್ ಇರುತ್ತದೆ. ನಾನು 3ಕ್ಕೆ ಬಂದೊಡನೆ ಬದಲಾಯಿಸುತ್ತೇನೆ. 1.6 ಕಾನೂನಿನ ಗಡಿ, ಅಲ್ಲಿಗೆ ಮುಟ್ಟುವಷ್ಟರಲ್ಲಿ ನೀರನ್ನು ಹೊರಹಾಕುವ ಶಕ್ತಿ ಬಹುಪಾಲು ಹೋಗಿರುತ್ತದೆ.

ಮೂರನೆಯದು ಟೈರಿನ ವಯಸ್ಸು. ಇದನ್ನು ನಾನು ಅನುಭವಿಸಿ ಕಲಿತೆ. 2022ರಲ್ಲಿ ಇಲ್ಲಿನ ಒಂದು ಅಂಗಡಿಯಲ್ಲಿ ಎರಡು ಹೊಸ ಟೈರ್ ಹಾಕಿಸಿದೆ. ಬೆಲೆ ಕಡಿಮೆ ಹೇಳಿದರು, ನಾನು ಗುರುತು ನೋಡದೆ ಹಣ ಕೊಟ್ಟು ಬಂದೆ. ಆ ಡಿಸೆಂಬರಿನಲ್ಲಿ ಊರಿಗೆ ಹೊರಟಾಗ ಖಂಬಾಟಕಿ ಘಟ್ಟದ ಒಂದು ತೇವದ ತಿರುವಿನಲ್ಲಿ ಕಾರಿನ ಹಿಂಭಾಗ ಪಕ್ಕಕ್ಕೆ ಸರಿಯಿತು. ವೇಗ ಕಡಿಮೆಯಿದ್ದುದರಿಂದ ಹಿಡಿತಕ್ಕೆ ಬಂತು, ಆದರೆ ಹಿಂದಿನ ಸೀಟಿನಲ್ಲಿ ಮಲಗಿದ್ದ ತಾಯಿ ಎಚ್ಚೆತ್ತು ಏನಾಯಿತು ಎಂದು ಕೇಳಿದಾಗ ನನಗೆ ಉತ್ತರಿಸಲು ಸ್ವರ ಬರಲಿಲ್ಲ. ಕರಾಡಿನಲ್ಲಿ ಚಹಾಕ್ಕೆ ನಿಂತು, ಮೊಬೈಲ್ ಬೆಳಕಿನಲ್ಲಿ ಹಿಂದಿನ ಟೈರಿನ ಪಕ್ಕದ ಅಂಕಿ ನೋಡಿದೆ. 2318 ಎಂದಿತ್ತು. ಅಂದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಹೊಸದೆಂದು ಕೊಂಡ ಟೈರಿಗೆ ಆಗಲೇ ನಾಲ್ಕು ವರ್ಷ ಕಳೆದಿತ್ತು, ಗೆರೆಗಳು ಪೂರ್ತಿ ಇದ್ದರೂ ಉಗುರಿನಿಂದ ಒತ್ತಿದರೆ ರಬ್ಬರ್ ಒಣ ಮರದ ಹಾಗಿತ್ತು. ಅಂದಿನಿಂದ ಈ ನಾಲ್ಕು ಅಂಕಿಗಳನ್ನು ಓದದೆ ನಾನು ಟೈರ್ ಕೊಂಡಿಲ್ಲ. ಆರು ತಿಂಗಳಿಗಿಂತ ಹಳೆಯದಾದರೆ ಬೇರೆ ತರಿಸಿ ಎನ್ನುತ್ತೇನೆ. ಎರಡೇ ಹೊಸ ಟೈರ್ ಕೊಳ್ಳುವಾಗ ಅವನ್ನು ಹಿಂದಿನ ಗಾಲಿಗಳಿಗೆ ಹಾಕಿಸಬೇಕು. ಅಂಗಡಿಯವರು ಮುಂದಕ್ಕೆ ಹಾಕಲು ಹೊರಡುತ್ತಾರೆ, ಆದರೆ ತೇವದ ತಿರುವಿನಲ್ಲಿ ಮುಂದಿನ ಗಾಲಿ ಜಾರಿದರೆ ಸ್ಟಿಯರಿಂಗಿನಲ್ಲಿ ಅದು ತಿಳಿಯುತ್ತದೆ, ಹಿಂದಿನದು ಜಾರಿದರೆ ಕಾರೇ ತಿರುಗಿ ನಿಲ್ಲುತ್ತದೆ.

ಅಳತೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ: ಕಂಪನಿ ಹೇಳಿದ ಅಳತೆ, ಭಾರದ ಅಂಕಿ (ಟೈರ್ ಹೊರಬಲ್ಲ ತೂಕದ ಗುರುತು), ವೇಗದ ಅಕ್ಷರ (ಅದು ತಾಳುವ ಗರಿಷ್ಠ ವೇಗದ ಗುರುತು), ಈ ಮೂರಕ್ಕಿಂತ ಕೆಳಗೆ ಇಳಿಯಬಾರದು. ವಿದ್ಯುತ್ ಕಾರುಗಳವರು ಭಾರದ ಅಂಕಿಯನ್ನು ಎರಡು ಸಲ ನೋಡಬೇಕು, ಬ್ಯಾಟರಿಯ ತೂಕ ಸಣ್ಣದಲ್ಲ.

ಈಗ ಮನಾಲಿಯ ಪ್ರಶ್ನೆಗೆ ಬರುತ್ತೇನೆ. ಪುಣೆಯಿಂದ ಮನಾಲಿಗೆ ಹೋಗುವ ದಾರಿಯ ಬಹುಭಾಗ ಬಯಲು ಸೀಮೆ, ಅಲ್ಲಿಯವರೆಗೆ ಸುಸ್ಥಿತಿಯ ಸಾಮಾನ್ಯ ಟೈರೇ ಸರಿ. ಕಷ್ಟವಿರುವುದು ಕೊನೆಯ ಐವತ್ತು ಅರವತ್ತು ಕಿಲೋಮೀಟರಿನಲ್ಲಿ. ಅಲ್ಲಿ ಹಿಮಕ್ಕಿಂತ ಹೆಚ್ಚು ಹೆದರಬೇಕಾದದ್ದು ಬ್ಲ್ಯಾಕ್ ಐಸ್ ಎನ್ನುವ, ಡಾಂಬರಿನ ಮೇಲೆ ಗಾಜಿನಂತೆ ಹರಡಿ ಕಣ್ಣಿಗೆ ಕಾಣದ ಮಂಜುಗಡ್ಡೆಗೆ. ಹಗಲು ಕರಗಿದ ನೀರು ಸಂಜೆ ಹೆಪ್ಪುಗಟ್ಟಿ, ಸೂರ್ಯನ ಬೆಳಕು ತಾಗದ ತಿರುವುಗಳಲ್ಲಿ ಮರುದಿನ ತಡವಾಗುವವರೆಗೂ ಉಳಿದಿರುತ್ತದೆ. ಸೊನ್ನೆ ಡಿಗ್ರಿಯ ಹತ್ತಿರದ ಮಂಜುಗಡ್ಡೆಯ ಮೇಲೆ ನೀರಿನ ತೆಳು ಪದರ ಇರುವುದರಿಂದ ಅದು ಕಡುಚಳಿಯ ಮಂಜುಗಡ್ಡೆಗಿಂತಲೂ ಹೆಚ್ಚು ಜಾರುತ್ತದೆ. ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿ ನಮ್ಮದು ಎಂಬ ಧೈರ್ಯವೂ ಅಲ್ಲಿ ಸಲ್ಲದು. ಆ ವ್ಯವಸ್ಥೆ ಹತ್ತುವುದಕ್ಕೆ ನೆರವಾಗುತ್ತದೆ, ನಿಲ್ಲಿಸುವುದಕ್ಕೆ ಅಲ್ಲ. ಬ್ರೇಕ್ ಎಲ್ಲ ಕಾರುಗಳಿಗೂ ನಾಲ್ಕು ಗಾಲಿಗಳಲ್ಲೇ ಇರುತ್ತದೆ.

ಸ್ವಂತ ಕಾರಿನಲ್ಲೇ ಮೇಲೆ ಹೋಗಲೇಬೇಕೆಂದಿದ್ದರೆ ಹಿಮ ಸರಪಳಿ ಬೇಕು. ಟೈರಿನ ಅಳತೆಗೆ ಸರಿಹೊಂದುವುದನ್ನು ಮೊದಲೇ ಕೊಂಡು, ಪಾರ್ಕಿಂಗಿನಲ್ಲಿ ಎರಡು ಮೂರು ಸಲ ಹಾಕಿ ತೆಗೆದು ರೂಢಿಸಿಕೊಂಡಿರಬೇಕು. ಕೊರೆಯುವ ಚಳಿಯಲ್ಲಿ ಕೈಬೆರಳು ಮರಗಟ್ಟಿರುವಾಗ ಮೊದಲ ಸಲ ಪೊಟ್ಟಣ ಬಿಚ್ಚುವುದು ತರವಲ್ಲ. ಸರಪಳಿ ಶಕ್ತಿ ಹೋಗುವ ಗಾಲಿಗಳಿಗೆ, ಅಂದರೆ ನಮ್ಮ ಬಹುತೇಕ ಸಣ್ಣ ಕಾರುಗಳಲ್ಲಿ ಮುಂದಿನವಕ್ಕೆ. ವೇಗ ಗಂಟೆಗೆ 30, 40 ಕಿಲೋಮೀಟರ್ ದಾಟಬಾರದು, ಬರಿಯ ಡಾಂಬರು ಬಂದೊಡನೆ ತೆಗೆಯಬೇಕು. ಹವಾ ಅರ್ಧಕ್ಕೆ ಇಳಿಸುವುದು ಮರಳಿಗೆ ಸಲ್ಲುವ ಉಪಾಯ, ಹಿಮದ ಘಟ್ಟದಲ್ಲಿ ಬೇಡ. ಚಳಿ ಟೈರಿನ ಒತ್ತಡವನ್ನು ಇಳಿಸಿದರೆ, ಎತ್ತರದಲ್ಲಿ ಹೊರಗಿನ ವಾಯು ತೆಳುವಾಗಿರುವುದರಿಂದ ಮೀಟರ್ ಸ್ವಲ್ಪ ಏರಿಸಿ ತೋರಿಸುತ್ತದೆ. ಆದ್ದರಿಂದ ಲೆಕ್ಕ ಹಾಕುತ್ತ ಕೂರದೆ, ಅಲ್ಲಿನ ಬೆಳಿಗ್ಗೆ ಅಲ್ಲಿಯೇ ಅಳೆದು ಕಂಪನಿಯ ಅಂಕಿಗೆ ತರುವುದು ಒಳ್ಳೆಯದು.

ನನ್ನನ್ನು ಕೇಳಿದರೆ, ಮನಾಲಿಯವರೆಗೆ ನಮ್ಮ ಕಾರು, ಅಲ್ಲಿಂದ ಮೇಲಕ್ಕೆ ಸ್ಥಳೀಯ ಚಾಲಕರ ಗಾಡಿ. ಯಾವ ತಿರುವಿನಲ್ಲಿ ಎಷ್ಟು ಗಂಟೆಯವರೆಗೆ ಮಂಜುಗಡ್ಡೆ ಇರುತ್ತದೆಂದು ಅವರಿಗೆ ಗೊತ್ತು, ಆ ತಿಳಿವಳಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಮ್ಮ ಮಿತ್ರರು ಭಾನುವಾರ ಮನೆಗೆ ಬಂದಿದ್ದರು, ಇದನ್ನೆಲ್ಲ ಎದುರಿಗೆ ಕೂತು ಮಾತಾಡಿದೆವು. ಹಸಿ ರಸ್ತೆಗೆ ಒಳ್ಳೆಯ ಹಿಡಿತವಿರುವ ಸಾಮಾನ್ಯ ಟೈರ್‌ಗಳನ್ನೇ ನಾಲ್ಕೂ ಗಾಲಿಗೆ ಹಾಕಿಸುತ್ತೇನೆ ಎಂದಿದ್ದಾರೆ. ಶನಿವಾರ ಅಂಗಡಿಗೆ ನಾನೂ ಜೊತೆಗೆ ಹೋಗುತ್ತಿದ್ದೇನೆ, ಆ ನಾಲ್ಕು ಅಂಕಿಗಳನ್ನು ಓದಲು.