ಸ್ಟುಡಿಯೋದ ಗೋಡೆಯೋ, ಅಲ್ಲಿ ತುಂಬಿಟ್ಟ ಟೇಪೋ?

ಪ್ರಶ್ನೆ: ಕೆಲಸ ನಿಂತ ಟಿವಿ ಕಟ್ಟಡಗಳನ್ನು ಉಳಿಸಿ ಬಳಸಬೇಕೇ? ಲಂಡನ್ನಿನ ಬಿಬಿಸಿ ಟೆಲಿವಿಷನ್ ಸೆಂಟರ್ ಹಿಡಿದ ದಾರಿ ಉತ್ತರ ಕನ್ನಡದ ಕರಾವಳಿಗೆ ಹೊಂದುತ್ತದೆಯೇ?

ಪರ: ಕಾರವಾರದಿಂದ

ಬಯಲಾಟದಲ್ಲಿ ವೇಷ ಕಟ್ಟುವ ಚೌಕಿ ಎಲ್ಲಿರಬೇಕು, ರಂಗಸ್ಥಳ ಎಲ್ಲಿ, ಭಾಗವತರು ಎಲ್ಲಿ ಕೂರಬೇಕು ಎಂಬುದನ್ನೆಲ್ಲ ಅಭ್ಯಾಸವೇ ತೀರ್ಮಾನಿಸಿಬಿಟ್ಟಿದೆ. ಕಿರೀಟ ಕಟ್ಟಿದವನು ಜನರ ನಡುವೆ ನುಸುಳಿಕೊಂಡು ರಂಗಕ್ಕೆ ಬರುವಂತಾದರೆ ಆಟವೇ ಕೆಡುತ್ತದೆ. ಲಂಡನ್ನಿನ ವೈಟ್ ಸಿಟಿಯಲ್ಲಿ ಬಿಬಿಸಿ ಕಟ್ಟಿದ ಟೆಲಿವಿಷನ್ ಸೆಂಟರ್ ಇದೇ ಲೆಕ್ಕವನ್ನು ಕಾಂಕ್ರೀಟು, ಇಟ್ಟಿಗೆಯಲ್ಲಿ ಬಿಡಿಸಿದ ಕಟ್ಟಡ. ವಾಸ್ತುಶಿಲ್ಪಿ ಗ್ರಹಾಂ ಡಾಬಾರ್ನ್ ಲಕೋಟೆಯೊಂದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಬರೆದರು, ಅದೇ ನಕ್ಷೆಯಾಯಿತು. ನಡುವೆ ದುಂಡನೆಯ ಅಂಗಳ, ಸುತ್ತ ಉಂಗುರದಂತೆ ಕಚೇರಿ ಮತ್ತು ಬಣ್ಣದ ಕೋಣೆಗಳು, ಅವುಗಳ ಹೊರಮೈಗೆ ಸ್ಟುಡಿಯೋಗಳು, ಸ್ಟುಡಿಯೋಗಳ ಬೆನ್ನಿಗೆ ಸೆಟ್ಟು ಸಾಗಿಸುವ ದಾರಿ. ನಟರು ಒಳಗಿನಿಂದ ಬರುತ್ತಾರೆ, ಮರದ ಅರಮನೆ ಹೊರಗಿನಿಂದ ಬರುತ್ತದೆ, ಒಬ್ಬರಿಗೊಬ್ಬರು ಅಡ್ಡವಾಗುವುದಿಲ್ಲ. 1960ರ ಜೂನ್ 29ರಂದು ಇದು ಶುರುವಾಯಿತು. 1964ರಲ್ಲಿ ಸೇರಿಕೊಂಡ ಒಂದನೇ ಸ್ಟುಡಿಯೋದ ನೆಲ 995 ಚದರ ಮೀಟರ್. ನಮ್ಮ ಲೆಕ್ಕದಲ್ಲಿ 10 ಗುಂಟೆಗೆ ತುಸು ಕಡಿಮೆ, ಅದೂ ನಡುವೆ ಒಂದು ಕಂಬವಿಲ್ಲದೆ.

2009ರಲ್ಲಿ ಆ ಉಂಗುರಕ್ಕೂ ಒಂದನೇ ಸ್ಟುಡಿಯೋಗೂ ಪಾರಂಪರಿಕ ಕಟ್ಟಡದ ರಕ್ಷಣೆ ಸಿಕ್ಕಿತು. 2012ರಲ್ಲಿ ಜಾಗ ಮಾರಾಟವಾಯಿತು, 2013ರ ಮಾರ್ಚ್ 31ಕ್ಕೆ ಬಾಗಿಲು ಮುಚ್ಚಿತು. ಆದರೆ 2017ರಲ್ಲಿ ಮೂರು ಸ್ಟುಡಿಯೋಗಳು ಮತ್ತೆ ಕೆಲಸಕ್ಕೆ ನಿಂತವು. ಇದನ್ನು ಬರೀ ಹಳೆಯದರ ಮೇಲಿನ ಮೋಹ ಎನ್ನಬಾರದು. ಸ್ಟುಡಿಯೋದಲ್ಲಿ ಬೆಲೆಬಾಳುವುದು ಕಣ್ಣಿಗೆ ಕಾಣುವುದೇ ಇಲ್ಲ: ಹೊರಗಿನ ಅದುರು ಒಳಗೆ ಬಾರದ ಗೋಡೆ, ಕ್ಯಾಮೆರಾ ಗಾಡಿ ಓಡಿಸಿದರೆ ಚಿತ್ರ ಕುಲುಕದಷ್ಟು ಮಟ್ಟಸವಾದ ನೆಲ, ದೀಪಗಳ ಭಾರ ಹೊರುವ ಚಾವಣಿ ಜಾಲ, ಸದ್ದಿಲ್ಲದೆ ಗಾಳಿ ಬಿಡುವ ಅಗಲವಾದ ಕೊಳವೆ. ಕೆಡವುವುದು ಸುಲಭ. ಮತ್ತೆ ಕಟ್ಟಲು ಹೊರಟಾಗ ಲೆಕ್ಕ ಗೊತ್ತಾಗುತ್ತದೆ.

ಈಗ ನಮ್ಮ ಕಡೆಗೆ ಬರೋಣ. 2022ರ ಮಾರ್ಚ್ ಹೊತ್ತಿಗೆ, ದೂರದರ್ಶನ ನಡೆಸುವ ಪ್ರಸಾರ ಭಾರತಿ ದೇಶದ ಬಹುಪಾಲು ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ನಿಲ್ಲಿಸಿತು. ದೂರದರ್ಶನದ ಚಿಕ್ಕ ಮರುಪ್ರಸಾರ ಕೇಂದ್ರ ಎಂದರೆ ಒಂದೆರಡು ಕೋಣೆ, ಡಿಶ್, ಟವರ್, ಜನರೇಟರ್ ಶೆಡ್ಡು. ಇವು ಸ್ಟುಡಿಯೋ ಅಲ್ಲ, ಒಪ್ಪುತ್ತೇನೆ. ಆದರೆ ಗಟ್ಟಿ ಅರ್ಥಿಂಗ್, ಹೆಚ್ಚು ಹೊರೆ ತಾಳುವ ವಿದ್ಯುತ್ ಸಂಪರ್ಕ, ಜನರೇಟರಿಗೆ ಬೇರೆಯೇ ಶೆಡ್ಡು, ವಾಹನ ಬರುವ ರಸ್ತೆ ಇದ್ದರೆ ಧ್ವನಿಮುದ್ರಣ ಕೋಣೆಗೆ ಬೇಕಾದ ಅರ್ಧ ಕೆಲಸ ಮುಗಿದಂತೆ. ತಾಳಮದ್ದಲೆ, ಹಾಲಕ್ಕಿ ಹಾಡು, ಕೊಂಕಣಿ ಪದ ಮುದ್ರಿಸಿಕೊಳ್ಳಲು ಜಿಲ್ಲೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದು ಯಾಕೆ?

20 ಅಡಿ ಉದ್ದ, 16 ಅಡಿ ಅಗಲದ ಕೋಣೆಯೊಂದು ಸಿಕ್ಕಿತು ಎಂದುಕೊಳ್ಳಿ. ಚಿರೇಕಲ್ಲಿನ ಗೋಡೆಯಾಗಿದ್ದರೆ ತೂಕ ಇರುತ್ತದೆ, ಆದರೆ ಕಲ್ಲಿನ ಮೈತುಂಬ ತೂತು. ಎರಡೂ ಬದಿ ಗಿಲಾವು ಮಾಡದಿದ್ದರೆ ಸದ್ದು ಆ ತೂತುಗಳಲ್ಲೇ ದಾಟುತ್ತದೆ. ಕಿಟಕಿಗಳಲ್ಲಿ ಒಂದನ್ನು ಬಿಟ್ಟು ಉಳಿದವನ್ನು ಕಲ್ಲಿಟ್ಟು ಮುಚ್ಚಬೇಕು. ತೆರೆದಿಟ್ಟ ಆ ಒಂದು ಕಿಟಕಿಗೆ ಎರಡು ಗಾಜು, ಒಂದು 6 ಮಿ.ಮೀ., ಇನ್ನೊಂದು 10 ಮಿ.ಮೀ., ನಡುವೆ 100 ಮಿ.ಮೀ. ಅಂತರ. ಎರಡೂ ಒಂದೇ ದಪ್ಪ ಇದ್ದರೆ ಒಂದೇ ಸ್ವರಕ್ಕೆ ಎರಡೂ ಅದುರುತ್ತವೆ. ಬಾಗಿಲು ಎರಡು, ನಡುವೆ 4 ಅಡಿಯ ಮೊಗಸಾಲೆ, ಸುತ್ತ ರಬ್ಬರ್ ಪಟ್ಟಿ, ಕೆಳಗೆ ಹೊಸ್ತಿಲು. ಹೊಸ್ತಿಲು ಇಡದಿದ್ದರೆ ಮಾಡಿದ್ದೆಲ್ಲ ವ್ಯರ್ಥ. ಗೋಡೆಗೆ ಸದ್ದು ಹೀರುವ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರು) ಫಲಕಗಳನ್ನು ಹಚ್ಚುವಾಗ ಗೋಡೆಗೆ ಅಂಟಿಸದೆ 50 ಮಿ.ಮೀ. ಬಿಟ್ಟು ನಿಲ್ಲಿಸಬೇಕು. ಹಾಗೆ ಮಾಡಿದರೆ ಫಲಕ ಮದ್ದಲೆಯ ಕೆಳಸ್ವರವನ್ನೂ ಚೆನ್ನಾಗಿ ಹೀರಿಕೊಳ್ಳುತ್ತದೆ, ಮಳೆಗಾಲದ ತಂಡಿ ಫಲಕಕ್ಕೆ ಇಳಿಯುವುದೂ ಇಲ್ಲ. ಮೊಟ್ಟೆ ಟ್ರೇ ಅಂಟಿಸುವವರಿದ್ದಾರೆ. ಅದು ಪ್ರತಿಧ್ವನಿಯನ್ನು ಸ್ವಲ್ಪ ಮುರಿಯಬಹುದು, ಹೊರಗಿನ ಸದ್ದನ್ನು ತಡೆಯುವುದಿಲ್ಲ.

ನಮ್ಮಲ್ಲಿ ಕೆಡುವ ಜಾಗ ಬೇರೆ. ಸ್ಲ್ಯಾಬು ಸೋರುತ್ತದೆಂದು ಮೇಲೆ ತಗಡಿನ ಮಾಡು ಹಾಕುತ್ತಾರೆ, ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಣೆಯೇ ಚಂಡೆಯಾಗುತ್ತದೆ. ತಗಡಿನ ಬದಲು ಮಂಗಳೂರು ಹೆಂಚು ಹೊದಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ಇಳಿಯುತ್ತದೆ. ಲಂಡನ್ನಿನವರು ಕೋಟಿ ಕೋಟಿ ಸುರಿದರು, ಇಲ್ಲಿ ಬೇಕಾದದ್ದು ಒಂದು ಚಿಕ್ಕ ಸಭಾಭವನದ ದುರಸ್ತಿಯಷ್ಟು ಕೆಲಸ. ಗೇಟಿಗೆ ಬೀಗ ಹಾಕಿ ಗೇರು, ಅಕೇಶಿಯಾ ಬೆಳೆಯಲು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ವಿರೋಧ: ಶಿರಸಿಯಿಂದ

ಆ ಉಂಗುರ ಉಳಿದದ್ದು ನಿಜ. ಅದರೊಳಗೆ ಹುಟ್ಟಿದ್ದು ಎಷ್ಟು ಉಳಿಯಿತು ಎಂದು ಮಿತ್ರರು ಹೇಳಲಿಲ್ಲ.

ಅರವತ್ತರ ದಶಕದ ವಿಡಿಯೋ ಟೇಪು 2 ಇಂಚು ಅಗಲದ್ದು, ಬಹಳ ದುಬಾರಿ. ಒಂದು ಕಾರ್ಯಕ್ರಮ ಪ್ರಸಾರವಾದ ಮೇಲೆ ಅದೇ ಟೇಪಿನ ಮೇಲೆ ಮತ್ತೊಂದನ್ನು ಮುದ್ರಿಸುತ್ತಿದ್ದರು. ನಾಟಕ, ಧಾರಾವಾಹಿ, ಹಾಸ್ಯ, ಎಲ್ಲದರಲ್ಲೂ ಬಹಳಷ್ಟು ಹೀಗೆ ಅಳಿಸಿಹೋದವು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ರಾತ್ರಿ ಬಿಬಿಸಿ ಸ್ಟುಡಿಯೋದಿಂದ ಹೋದ ಪ್ರಸಾರದ ಮೂಲ ಟೇಪು ಕೂಡ ಇಲ್ಲ. ಈ ಅಳಿಸುವ ರೂಢಿ ನಿಂತದ್ದು ಎಪ್ಪತ್ತರ ದಶಕದ ಕೊನೆಗೆ. ಗೋಡೆಗೆ ಕಾನೂನಿನ ರಕ್ಷಣೆ, ಹಾಡಿದವರ ದನಿಗೆ ಏನೂ ಇಲ್ಲ! ಆ ಕಟ್ಟಡದಿಂದ ಕಲಿಯುವುದಿದ್ದರೆ ಮೊದಲು ಇದನ್ನು ಕಲಿಯಬೇಕು.

ಉಳಿಸಿದರು ಎಂಬ ಮಾತೂ ಅರ್ಧ ಸತ್ಯ. ನಾಲ್ಕರಿಂದ ಎಂಟನೆಯವರೆಗಿನ ಸ್ಟುಡಿಯೋಗಳು ನೆಲಸಮವಾದವು. ಜಾಗ ಮಾರಾಟವಾದದ್ದು ಸುಮಾರು 20 ಕೋಟಿ ಪೌಂಡಿಗೆ; ಮೂರು ಸ್ಟುಡಿಯೋಗಳ ಸುತ್ತ ಸಿರಿವಂತರ ಮನೆಗಳು, ಹೋಟೆಲು ಎದ್ದವು. ದುರಸ್ತಿಯ ಖರ್ಚು ಹುಟ್ಟಿದ್ದು ಅಲ್ಲಿಯ ನೆಲದ ಬೆಲೆಯಿಂದ. ಹಾಗೆ ಖರ್ಚು ಹೊರುವ ನೆಲ ನಮ್ಮ ಕರಾವಳಿಯ ಗುಡ್ಡದ ಮೇಲೆ ಎಲ್ಲಿದೆ?

ಇನ್ನು ಉಪ್ಪುಗಾಳಿ. ಸಮುದ್ರದ ಉಪ್ಪಿನ ಕ್ಲೋರೈಡು ಕಾಂಕ್ರೀಟಿನೊಳಗೆ ಇಳಿದು ಸರಳು ಮುಟ್ಟಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ, ಅದಕ್ಕೇ ಸ್ಲ್ಯಾಬಿನ ಅಡಿ ಚಕ್ಕೆ ಏಳುವುದು. ಸರಿಯಾದ ದುರಸ್ತಿ ಎಂದರೆ ಸರಳಿನ ಹಿಂದೆ 20 ಮಿ.ಮೀ. ಆದರೂ ಕೆತ್ತಿ, ತುಕ್ಕು ಪೂರ್ತಿ ಉಜ್ಜಿ ತೆಗೆದು, ಸತುವಿನ ಪ್ರೈಮರ್ ಬಳಿದು, ಪಾಲಿಮರ್ ಗಾರೆ ತುಂಬುವುದು. ಇಷ್ಟೆಲ್ಲ ಮಾಡಿದರೂ ಪಕ್ಕದ ಹಳೆ ಕಾಂಕ್ರೀಟಿನಲ್ಲಿ ಉಪ್ಪು ಉಳಿದಿದ್ದರೆ ತೇಪೆಯ ಅಂಚಿನಲ್ಲೇ ಹೊಸ ತುಕ್ಕು ಏಳುತ್ತದೆ. ಬೀಗ ಹಾಕಿದ ಕಟ್ಟಡದಲ್ಲಿ ಇದು ಒಂದು ಸಲದ ಖರ್ಚಲ್ಲ. ರಾಕ್‌ವೂಲ್ ಹಾಕಿದ ಕೋಣೆಯನ್ನು ಮಳೆಗಾಲವಿಡೀ ಒಣಗಿಸಿ ಇಡದಿದ್ದರೆ ಎರಡನೇ ವರ್ಷಕ್ಕೆ ಬಟ್ಟೆಯ ಹೊದಿಕೆಯೆಲ್ಲ ಬೂಷ್ಟು. ಕರೆಂಟು ಬಿಲ್ಲು ಕಟ್ಟುವವರು ಯಾರು ಎಂಬುದನ್ನು ಮೊದಲು ಬರೆದಿಟ್ಟು ಆಮೇಲೆ ಗಾಜಿನ ದಪ್ಪ ಮಾತಾಡೋಣ.

ಅದೇ ಹಣ ಟೇಪಿಗೆ ಹೋಗಲಿ ಎನ್ನುತ್ತೇನೆ. ಈ ಜಿಲ್ಲೆಯ ಟಿವಿ ಪರಂಪರೆ ಕೇಂದ್ರದ ಕಟ್ಟಡಕ್ಕಿಂತ ಮನೆಗಳ ಅಟ್ಟದಲ್ಲೇ ಹೆಚ್ಚಿದೆ. ರಾತ್ರಿ ಪೂರಾ ನಡೆದ ಬಯಲಾಟವನ್ನು ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಹಿಡಿದವರಿದ್ದಾರೆ. 180 ನಿಮಿಷದ ಕ್ಯಾಸೆಟ್ಟನ್ನು ಅರ್ಧ ವೇಗದಲ್ಲಿ ಓಡಿಸಿದರೆ 6 ತಾಸು ಹಿಡಿಯುತ್ತದೆ. ಈಗ ಅದನ್ನು ನೋಡಲು ಆ ವೇಗ ಓದುವ ಯಂತ್ರವೇ ಬೇಕು. ಹೊಸ ಯಂತ್ರ ಸಿಗುವುದಿಲ್ಲ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಗೆ ನಿಲ್ಲಿಸಿತು. ಗೋಡೆ ಇನ್ನು ಹತ್ತು ವರ್ಷ ಕಾದೀತು. ಇರುವ ಯಂತ್ರಗಳಲ್ಲಿ ಟೇಪು ಓದುವ ಹೆಡ್ಡು ಅಷ್ಟು ಕಾಯುವುದಿಲ್ಲ.

ಕೆಲಸ ಹೀಗೆ. ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಲ್ಲಿ ಟೇಪಿನ ಸುರುಳಿ ನೋಡಿ. ಬಿಳಿ ಹುಡಿ ಕಂಡರೆ ಅದು ಬೂಷ್ಟು, ಯಂತ್ರಕ್ಕೆ ಹಾಕಲೇಬೇಡಿ. ಒಂದು ಕ್ಯಾಸೆಟ್ಟಿನ ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಹತ್ತಕ್ಕೂ ಹಬ್ಬುತ್ತದೆ. ಅಂಥವನ್ನು ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ವಾರ ಇಟ್ಟು ಒಣಗಿಸಿ. ಆಮೇಲೆ ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಅಡಿಯ 5 ಸ್ಕ್ರೂ ಬಿಚ್ಚಿ ನೂಲು ಬಿಡದ ಒಣ ಬಟ್ಟೆಯಲ್ಲಿ ಟೇಪಿನ ಅಂಚು ಒರೆಸಬೇಕು. ಯಂತ್ರದ ಹೆಡ್ಡು ಒರೆಸುವಾಗ ಐಸೊಪ್ರೊಪಿಲ್ ಆಲ್ಕೋಹಾಲ್ ಅದ್ದಿದ ಮೆತ್ತನೆಯ ಚರ್ಮವನ್ನು ಹೆಡ್ಡು ಕೂತಿರುವ ಡ್ರಮ್ಮಿಗೆ ಒತ್ತಿ ಹಿಡಿದು ಡ್ರಮ್ಮನ್ನೇ ಕೈಯಲ್ಲಿ ನಿಧಾನ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಕೂದಲಿನಷ್ಟು ಸಣ್ಣ ಹೆಡ್ಡಿನ ತುದಿ ಮುರಿಯುತ್ತದೆ, ಅಲ್ಲಿಗೆ ಯಂತ್ರ ಮುಗಿಯಿತು.

ಕಂಪ್ಯೂಟರಿಗೆ ಇಳಿಸುವಾಗ ಬಹಳ ಜನ ಎಡವುವುದು ವಿಸಿಆರನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಯುಎಸ್‌ಬಿ ತುಂಡಿನಿಂದ. ಹಳೆ ಟೇಪಿನ ಸಿಗ್ನಲ್ ನಡುಗುತ್ತದೆ, ಆ ತುಂಡು ನಡುನಡುವೆ ಫ್ರೇಮು ಬಿಟ್ಟುಬಿಡುತ್ತದೆ, ಒಂದು ತಾಸಾಗುವಷ್ಟರಲ್ಲಿ ಭಾಗವತರ ಬಾಯಿಯೇ ಬೇರೆ, ಪದ್ಯವೇ ಬೇರೆ. ನಡುವೆ ಆ ನಡುಕ ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇರಲೇಬೇಕು. ಗುಣ ಕಳೆಯದ ಎಫ್‌ಎಫ್‌ವಿ1 ಮಾದರಿಯಲ್ಲಿ ಉಳಿಸಿದರೆ ತಾಸಿಗೆ ಸುಮಾರು 30ರಿಂದ 40 ಜಿಬಿ ಬೇಕು, 2 ಟಿಬಿ ಡಿಸ್ಕಿಗೆ ಎಂಟೊಂಬತ್ತು ರಾತ್ರಿಯ ಆಟ. ಮೂರು ಪ್ರತಿಗಳಿರಲಿ, ಒಂದು ಬೇರೆ ಊರಲ್ಲಿರಲಿ.

ಯಾವುದನ್ನು ಮೊದಲು ಇಳಿಸಬೇಕು ಎಂದರೆ, ಬೇರೆಲ್ಲೂ ಪ್ರತಿ ಇಲ್ಲದ್ದನ್ನು. ದೊಡ್ಡ ಕಲಾವಿದರ ಹೆಸರಾಂತ ಪ್ರದರ್ಶನಕ್ಕೆ ಇನ್ನೊಂದು ಕ್ಯಾಸೆಟ್ಟು ಎಲ್ಲೋ ಸಿಕ್ಕೀತು. ಊರ ಗದ್ದೆಯಲ್ಲಿ ಆದ ಆಟಕ್ಕೆ, ಒಬ್ಬ ಅಜ್ಜಿಯ ಸುಗ್ಗಿ ಹಾಡಿಗೆ ಇನ್ನೊಂದಿಲ್ಲ. ದೀಪಾವಳಿ ಕಳೆದು ಶಿವರಾತ್ರಿವರೆಗೆ ಘಟ್ಟದ ಮೇಲೆ ಗಾಳಿ ಒಣಗಿರುತ್ತದೆ. ಡಬ್ಬಿ ಬಿಚ್ಚುವ ಕೆಲಸ ಆ ನಾಲ್ಕು ತಿಂಗಳಲ್ಲೇ ಆಗಬೇಕು.