ಮಳೆಗೆ ಪರವಾನಗಿ ಬೇಕಿಲ್ಲ

ವಾಯುಮಂಡಲದಲ್ಲಿ ಶೇಕಡ 78ರಷ್ಟು ತುಂಬಿಕೊಂಡಿರುವ ಸಾರಜನಕವು ತೀರ ಸಭ್ಯವಾದ ಅನಿಲ. ಎರಡೆರಡು ಪರಮಾಣುಗಳು ಬಿಗಿಯಾಗಿ ಕೈಹಿಡಿದುಕೊಂಡು, ಯಾರ ತಂಟೆಗೂ ಹೋಗದೆ ಅಲೆಯುತ್ತಿರುತ್ತವೆ. ಅದನ್ನು ಒಳಗೆಳೆದು ಹಾಗೆಯೇ ಹೊರಬಿಡುವ ನಮಗೂ ತೊಂದರೆಯಿಲ್ಲ, ಕಡಲಿಗೂ ಇಲ್ಲ. ಇಂಥ ನಿರುಪದ್ರವಿಯನ್ನು ಕೆಡಿಸುವ ಕೆಲಸವನ್ನು ಮನುಷ್ಯನು ಬಹಳ ಶ್ರದ್ಧೆಯಿಂದ ನೆರವೇರಿಸಿದ್ದಾನೆ. ಎಂಜಿನ್ನಿನ ಮತ್ತು ಕುಲುಮೆಯ ಉರಿಯಲ್ಲಿ ಅದು ಆಮ್ಲಜನಕದ ಸಹವಾಸಕ್ಕೆ ಬಿದ್ದು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. 1909ರಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಫ್ರಿಟ್ಸ್ ಹಾಬರ್ ಪ್ರಯೋಗಾಲಯದಲ್ಲಿ ತೋರಿಸಿ, 1913ರಲ್ಲಿ ಕಾರ್ಲ್ ಬಾಷ್ ಕಾರ್ಖಾನೆಗೆ ಇಳಿಸಿದ ವಿಧಾನದಲ್ಲಿ ಅದು ಅಮೋನಿಯವಾಗಿ, ಗೊಬ್ಬರವಾಗಿ, ಹೊಲದಿಂದಲೂ ಸಗಣಿಯ ರಾಶಿಯಿಂದಲೂ ಮತ್ತೆ ಆವಿಯಾಗಿ ಮೇಲೇರುತ್ತದೆ.

ಹೀಗೆ ಮೇಲೇರಿದ್ದು ನೂರಾರು ಕಿಲೋಮೀಟರ್ ಸಾಗಿ, ಮಳೆಯಲ್ಲಿ ಕರಗಿಯೋ ಒಣ ಕಣವಾಗಿಯೋ ಕೆಳಗಿಳಿಯುತ್ತದೆ. ಇಳಿಯುವ ಆ ಗಳಿಗೆಯಲ್ಲಿ ಅದಕ್ಕೆ ಇಲಾಖೆಯ ವರ್ಗಾವಣೆಯಾಗುತ್ತದೆ. ಗಾಳಿಯನ್ನು ಕಾಯುವ ಕಚೇರಿ ಮೊದಲು ಕೇಳುವ ಪ್ರಶ್ನೆ, ಇದರಿಂದ ಶ್ವಾಸಕೋಶಕ್ಕೆ ಹಾನಿಯೇ ಎಂಬುದು. ಮೀನಿಗೆ ಶ್ವಾಸಕೋಶವಿಲ್ಲದ ಕಾರಣ ಕಡತ ಅಲ್ಲಿಂದ ಮುಂದೆ ಹೋಗುವುದು ಕಷ್ಟ. ನೀರನ್ನು ಕಾಯುವ ಕಚೇರಿ ಕೇಳುವುದು, ಇದು ಯಾವ ಕೊಳವೆಯಿಂದ ಬಂತು ಎಂದು. ಅಮೆರಿಕದ 1972ರ ಜಲ ಕಾನೂನು ಪರವಾನಗಿ ಪಡೆಯಬೇಕಾದ ಮಾಲಿನ್ಯದ ಮೂಲಗಳು ಯಾವುವೆಂದು ವಿವರಿಸುವಾಗ ಕೊಳವೆ, ಕಾಲುವೆ, ಸುರಂಗ, ಬಾವಿ, ಬಿರುಕು, ದೋಣಿ ಎಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟಿದೆ. ಬಿರುಕಿಗೂ ಅದರಲ್ಲಿ ಸ್ಥಾನ ಸಿಕ್ಕಿತು, ಮೋಡಕ್ಕೆ ಸಿಗಲಿಲ್ಲ.

ಗಾಳಿಯ ಕಡೆಯವರ ಬುದ್ಧಿವಂತಿಕೆಯೂ ಕಡಿಮೆಯದಲ್ಲ. ನೆಲಮಟ್ಟದ ಗಾಳಿ ಇಂತಿಷ್ಟು ಶುದ್ಧವಾಗಿರಬೇಕೆಂದು ಅದೇ ದೇಶದ 1970ರ ಕಾನೂನು ವಿಧಿಸಿದಾಗ, ಹಲವು ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಹೊಗೆಯನ್ನು ತಗ್ಗಿಸುವ ಬದಲು ಚಿಮಣಿಯನ್ನು ಎತ್ತರಿಸಿದವು. ಅಳತೆಯ ಯಂತ್ರ ಕೆಳಗಿತ್ತು, ಹೊಗೆ ಮೇಲೆ ಹೋಯಿತು, ಕಾನೂನು ಪಾಲನೆಯಾಯಿತು. ಗಾಳಿ ಬೀಸುವ ದಿಕ್ಕಿನಲ್ಲಿದ್ದವರಿಗೆ ಇದರ ಪ್ರಸಾದ ತಲುಪಿದ್ದು ಬೇರೆ ಮಾತು.

ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಗೆ ನೀರು ಹರಿದುಬರುವ ಪ್ರದೇಶದ ವಿಸ್ತೀರ್ಣ ಸುಮಾರು 64,000 ಚದರ ಮೈಲಿ. ಆ ಕೊಲ್ಲಿಯ ಮೇಲೆ ಬೀಳುವ ಸಾರಜನಕವನ್ನು ಹೊತ್ತುತರುವ ಗಾಳಿಯ ಸೀಮೆಯಾದರೋ ಸುಮಾರು 5,70,000 ಚದರ ಮೈಲಿ, ಎಂದರೆ ಹೆಚ್ಚುಕಡಿಮೆ ಒಂಬತ್ತು ಪಟ್ಟು. ಕೊಲ್ಲಿ ಸೇರುವ ಒಟ್ಟು ಸಾರಜನಕದಲ್ಲಿ ಮೂರರಲ್ಲೊಂದು ಪಾಲು ಗಾಳಿಯಿಂದ ಬರುವುದೆಂದು ಅಲ್ಲಿನ ಪರಿಸರ ಸಂಸ್ಥೆಯೇ ಲೆಕ್ಕ ಹಾಕಿದೆ. ಕೊನೆಗೆ 2010ರ ಡಿಸೆಂಬರಿನಲ್ಲಿ ಕೊಲ್ಲಿಗೆ ಒಂದು ಪಥ್ಯವನ್ನು, ಎಂದರೆ ಅದು ಸೇರಬಹುದಾದ ಮಾಲಿನ್ಯದ ಮಿತಿಯನ್ನು, ಬರೆದುಕೊಟ್ಟಾಗ, ರಾಜ್ಯಗಳಿಗೆ ಪಾಲು ಹಂಚುವುದರ ಜೊತೆಗೆ, ಗಾಳಿಯಿಂದ ನೇರವಾಗಿ ಕೊಲ್ಲಿಯ ನೀರಿಗೆ ಬೀಳುವ ಸಾರಜನಕಕ್ಕೂ ವರ್ಷಕ್ಕೆ 1 ಕೋಟಿ 57 ಲಕ್ಷ ಪೌಂಡಿನ ಮಿತಿಯನ್ನು ಗೊತ್ತುಪಡಿಸಲಾಯಿತು. ಇದು ನಿಜಕ್ಕೂ ಮೆಚ್ಚಬೇಕಾದ ಹೆಜ್ಜೆ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಆದರೆ ಆ ಸೀಮೆಯ ಬಹುಭಾಗ ಪಥ್ಯಕ್ಕೆ ಒಪ್ಪಿದ ರಾಜ್ಯಗಳ ಗಡಿಯಾಚೆಗಿದೆ. ಅಲ್ಲಿ ಕಾರು ಓಡಿಸುವವನಿಗೆ ತಾನೊಂದು ಕೊಲ್ಲಿಗೆ ಉಣಬಡಿಸುತ್ತಿದ್ದೇನೆಂಬ ಅರಿವಾದರೂ ಇದ್ದೀತೇ?

ಇತ್ತ ನೀರಿನ ಕಡೆಯವರು ಸುಮ್ಮನೆ ಕುಳಿತಿಲ್ಲ. ಒಳಚರಂಡಿ ಶುದ್ಧೀಕರಣ ಘಟಕಗಳಲ್ಲಿ ಬ್ಯಾಕ್ಟೀರಿಯಾಗಳನ್ನು ಸಾಕಿ, ಅವುಗಳಿಂದ ಕೊಳಚೆಯಲ್ಲಿರುವ ಸಾರಜನಕದ ಲವಣವಾದ ನೈಟ್ರೇಟನ್ನು ಪುನಃ ಸಭ್ಯ ಸಾರಜನಕವನ್ನಾಗಿ ಮಾಡಿಸಿ, ಗೌರವದಿಂದ ಆಕಾಶಕ್ಕೆ ಬೀಳ್ಕೊಡುತ್ತಾರೆ. ಇದಕ್ಕೆ ಹಗಲೂ ರಾತ್ರಿ ಪಂಪುಗಳು ಓಡಬೇಕು, ಪಂಪುಗಳಿಗೆ ವಿದ್ಯುತ್ತು ಬೇಕು; ಆ ವಿದ್ಯುತ್ತು ಕಲ್ಲಿದ್ದಲಿನದಾದರೆ, ಅದರ ಚಿಮಣಿಯಿಂದ ಹೊರಟ ನೈಟ್ರೋಜನ್ ಆಕ್ಸೈಡು ಆ ಘಟಕದ ನೀರು ಸೇರುವ ಅಳಿವೆಗೇ ಬಂದಿಳಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಹೀಗೆ ಒಂದೇ ಧಾತುವನ್ನು ಒಂದು ಕಚೇರಿ ಕೆಳಗಿನಿಂದ ಮೇಲಕ್ಕೂ ಇನ್ನೊಂದು ಕಚೇರಿಯ ವ್ಯಾಪ್ತಿಯಲ್ಲಿರುವ ಸ್ಥಾವರ ಮೇಲಿನಿಂದ ಕೆಳಕ್ಕೂ ಸಾಗಿಸುತ್ತಿದ್ದರೆ, ಎರಡರ ವಾರ್ಷಿಕ ವರದಿಯಲ್ಲೂ ಪ್ರಗತಿಯೇ ಕಾಣುತ್ತದೆ.

ಫಲಾನುಭವಿ ಮಾತ್ರ ಪಾಚಿ. ಕರಾವಳಿಯ ಉಪ್ಪುನೀರಿನಲ್ಲಿ ಅದರ ಬೆಳವಣಿಗೆಗೆ ಸಾಮಾನ್ಯವಾಗಿ ಕೊರತೆಯಾಗುತ್ತಿದ್ದುದು ಸಾರಜನಕವೇ. ಆಕಾಶದಿಂದ ಇಳಿಯುವ ನೈಟ್ರೇಟ್ ಮತ್ತು ಅಮೋನಿಯಂ ಅದು ನೇರವಾಗಿ ಬಾಯಿಗಿಡಬಹುದಾದ ರೂಪದಲ್ಲಿಯೇ ಬರುತ್ತವೆ. ಅರ್ಜಿಯಿಲ್ಲದೆ ಮಂಜೂರಾದ ಈ ಗೊಬ್ಬರವನ್ನು ಉಂಡು ಪಾಚಿ ಹಬ್ಬುತ್ತದೆ, ನೀರಿನೊಳಗಣ ಕಡಲಹುಲ್ಲಿಗೆ ಬಿಸಿಲು ಹೋಗದಂತೆ ಮುಸುಕು ಹಾಕುತ್ತದೆ, ಬಳಿಕ ತಾನೇ ಸತ್ತು ತಳ ಸೇರುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ತಳದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದಾಗ ಮೀನುಗಳು ಊರು ಬಿಡುತ್ತವೆ. ಕಾಲಿಲ್ಲದ ಸಿಂಪಿಗಳು ಅಲ್ಲಿಯೇ ಉಳಿದು ಆಡಳಿತದ ಸಮನ್ವಯಕ್ಕಾಗಿ ಕಾಯುತ್ತವೆ. 2008ರಲ್ಲಿ ಪ್ರಕಟವಾದ ಗಣತಿಯೊಂದರ ಪ್ರಕಾರ ಜಗತ್ತಿನಲ್ಲಿ ಇಂಥ ಸತ್ತ ವಲಯಗಳು 400ಕ್ಕೂ ಹೆಚ್ಚಿದ್ದು, 2,45,000 ಚದರ ಕಿಲೋಮೀಟರಿಗೂ ಮಿಗಿಲಾದ ಕಡಲನ್ನು ಆವರಿಸಿದ್ದವು. ಅದರ ಹೆಚ್ಚಿನ ಪಾಪ ನದಿಗಳದ್ದೇ, ನಿಜ. ಆದರೆ ನದಿಯ ಸಾರಜನಕದಲ್ಲಿಯೂ ಒಂದಂಶ ಮೊದಲು ಕಾಡಿನ ಮೇಲೆ, ಹೊಲದ ಮೇಲೆ, ಡಾಂಬರಿನ ಮೇಲೆ ಆಕಾಶದಿಂದಲೇ ಬಿದ್ದದ್ದು; ನದಿ ಸೇರಿದೊಡನೆ ಅದಕ್ಕೆ ಹೊಸ ಜಾತಿ ಪ್ರಮಾಣಪತ್ರ ಸಿಗುತ್ತದೆ, ಅಷ್ಟೆ.

ತಂತ್ರಜ್ಞಾನ ಇದನ್ನೆಲ್ಲ ಸರಿಪಡಿಸುತ್ತದೆಂದು ನಂಬಿದ್ದವರಿಗೆ 2015ರಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳು ಒಳ್ಳೆಯ ಪಾಠ ಹೇಳಿದವು: ಪರೀಕ್ಷಾ ಕೊಠಡಿಯಲ್ಲಿ ಸಾಧುವಾಗಿದ್ದ ಆ ಕಾರುಗಳು ರಸ್ತೆಗಿಳಿದರೆ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. ಪ್ರಾಮಾಣಿಕ ಯಂತ್ರಗಳ ಕಥೆ ಇನ್ನೂ ಸ್ವಾರಸ್ಯಕರ. ಪೆಟ್ರೋಲ್ ಕಾರಿನ ಹೊಗೆಯಿಂದ ನೈಟ್ರೋಜನ್ ಆಕ್ಸೈಡ್ ತೆಗೆಯಲೆಂದು ಅಳವಡಿಸಿದ ಕ್ಯಾಟಲಿಟಿಕ್ ಕನ್ವರ್ಟರ್ ತನ್ನ ಕರ್ತವ್ಯವನ್ನು ಮಾಡುತ್ತಲೇ ಒಂದಿಷ್ಟು ಅಮೋನಿಯವನ್ನು ತಯಾರಿಸುತ್ತದೆ. ರಾಷ್ಟ್ರೀಯ ಮಾನದಂಡವಿರುವ ಆರು ಮಾಲಿನ್ಯಕಾರಕಗಳ ಅಮೆರಿಕದ ಪಟ್ಟಿಯಲ್ಲಿ ಅಮೋನಿಯದ ಹೆಸರಿಲ್ಲದ್ದರಿಂದ ಯಾರೂ ಮುಜುಗರಪಡಬೇಕಾಗಿಲ್ಲ. ಪಾಚಿಗೆ ಮಾತ್ರ ಈ ಪಟ್ಟಿಯನ್ನು ಯಾರೂ ಓದಿ ಹೇಳಿಲ್ಲ.

ಬಾಲ್ಟಿಕ್ ಸಮುದ್ರದ ಸುತ್ತಲಿನ ದೇಶಗಳು ಇನ್ನಷ್ಟು ದೂರದೃಷ್ಟಿಯವು. ಆ ಸಮುದ್ರದ ಸಾರಜನಕದಲ್ಲಿ ಸುಮಾರು ಕಾಲು ಭಾಗ ಗಾಳಿಯದೆಂದೂ ಅದರಲ್ಲಿ ಹಡಗುಗಳ ಪಾಲೂ ಇದೆಯೆಂದೂ ಲೆಕ್ಕ ಹಾಕಿ, ನೈಟ್ರೋಜನ್ ಆಕ್ಸೈಡಿಗೆ ಬಿಗಿಯಾದ ಮಿತಿಯನ್ನು ಜಾರಿಗೆ ತರಿಸಿದವು. ಆ ಮಿತಿ ಅನ್ವಯವಾಗುವುದು 2021ರ ಜನವರಿ 1ರಿಂದೀಚೆಗೆ ನಿರ್ಮಾಣವಾದ ಹಡಗುಗಳಿಗೆ. ಒಂದು ಹಡಗು ಎರಡು ಮೂರು ದಶಕ ಬಾಳುತ್ತದೆ. ಆದ್ದರಿಂದ 2020ರಲ್ಲಿ ನೀರಿಗಿಳಿದ ಹಡಗು ಈ ಶತಮಾನದ ನಡುವಿನವರೆಗೂ ತನ್ನ ಹಳೆಯ ಸೇವಾ ನಿಯಮಗಳ ಪ್ರಕಾರವೇ ಹೊಗೆ ಬಿಡಬಹುದು, ಮತ್ತು ಅದನ್ನೇ ನಂಬಿಕೊಂಡಿರುವ ಪಾಚಿಗೂ ಅಲ್ಲಿಯವರೆಗೆ ಪಡಿತರ ತಪ್ಪುವುದಿಲ್ಲ.